ಒಂದೇ ಶಾತೋದ ಆರು ವರ್ಷದ ರೆಡ್ ವೈನ್: ಯಾವುದು ಮೊದಲು, ಯಾವುದನ್ನು ಬಸಿಯಬೇಕು?

ಅರ್ಧಗ್ಲಾಸ್:

ಫ್ರಾನ್ಸಿನ ಬೋರ್ಡೋ ಪ್ರದೇಶದ ಎಡದಂಡೆಯ ಒಂದೇ ಶಾತೋದ (ದ್ರಾಕ್ಷಿ ಬೆಳೆದು ವೈನ್ ಮಾಡುವ ತೋಟ) ಆರು ಬಾಟಲಿ ಇವೆ, ಕೊಯ್ಲಿನ ಇಸವಿಗಳು: 2019, 2016, 2013, 2005, 1996, 1989. ಎಲ್ಲದರಲ್ಲೂ ಕ್ಯಾಬರ್ನೆ ಸೊವಿನ್ಯೊ ತಳಿಯ ದ್ರಾಕ್ಷಿ ಜಾಸ್ತಿ, ಉಳಿದದ್ದು ಮೆರ್ಲೊ. ಎಂಟು ಜನ ಕೂತು ಒಂದೇ ಸಂಜೆ ರುಚಿ ನೋಡುವ ಯೋಚನೆ. ಊಟದ ಜೊತೆ ಅಲ್ಲ, ವಯಸ್ಸಾದಂತೆ ವೈನ್ ಹೇಗೆ ಬದಲಾಗುತ್ತದೆ ಅನ್ನುವುದನ್ನು ಗಮನಿಸುವುದಕ್ಕೇ.

ಯಾವ ಕ್ರಮದಲ್ಲಿ ಸುರಿಯಬೇಕು? ಹಳೆಯದರಿಂದ ಹೊಸದಕ್ಕೋ, ಹೊಸದರಿಂದ ಹಳೆಯದಕ್ಕೋ? ಎರಡೂ ಸರಿ ಅನ್ನುವವರಿದ್ದಾರೆ. ಡಿಕ್ಯಾಂಟರಿಗೆ (ವೈನ್ ಬಸಿದಿಡುವ ಗಾಜಿನ ಹೂಜಿ) ಯಾವುದನ್ನು ಹಾಕಬೇಕು, ಎಷ್ಟು ಹೊತ್ತು ಮೊದಲು? ಹಳೇ ವೈನಿನಲ್ಲಿ ಅಣಬೆ, ಒದ್ದೆ ಮಣ್ಣು ಅಂತೆಲ್ಲ ವಾಸನೆ ಬಂದರೆ ಅದು ವಯಸ್ಸಿನದೋ, ಬಾಟಲಿ ಕೆಟ್ಟಿದ್ದೋ ಗೊತ್ತಾಗುವುದು ಹೇಗೆ? ಇನ್ನೊಂದು: 1989ರ ಬಾಟಲಿಯಲ್ಲಿ ವೈನ್ ಕುತ್ತಿಗೆಯಿಂದ ಕೆಳಗಿಳಿದು ಹೆಗಲು ಶುರುವಾಗುವ ಕಡೆ ಇದೆ. ಚಿಂತೆ ಮಾಡಬೇಕಾ?

ಒಗರಪ್ಪ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಚಿಂತೆ ಬೇಡ. ಬೋರ್ಡೋ ಬಾಟಲಿಯಲ್ಲಿ ಮಟ್ಟ ಹೆಗಲಿನ ಮೇಲ್ತುದಿಗೆ ಇಳಿಯುವುದು ಮೂವತ್ತು ದಾಟಿದ ವೈನಿಗೆ ಸಹಜ. ಕಾರ್ಕಿನ ಮೂಲಕ ಸ್ವಲ್ಪ ಸ್ವಲ್ಪವೇ ಆವಿ ಹೋಗಿರುತ್ತದೆ. ಹೆಗಲಿನ ನಡುವಿಗೆ ಬಂದಿದ್ದರೆ ಅನುಮಾನ, ಅದಕ್ಕೂ ಕೆಳಗಿದ್ದರೆ ಆಸೆ ಬಿಡುವುದು ವಾಸಿ. ಇದೇ ಮಟ್ಟ 2016ರ ಬಾಟಲಿಯಲ್ಲಿ ಕಂಡಿದ್ದರೆ ಮಾತ್ರ ಕಾರ್ಕ್ ಸೋರಿದೆ ಅಥವಾ ಬಿಸಿ ತಗುಲಿದೆ ಅಂತಲೇ ಲೆಕ್ಕ.

ಕ್ರಮದ ವಿಷಯ. ಊಟಕ್ಕೆ ಬಡಿಸುವಾಗ ಹೊಸದರಿಂದ ಹಳೆಯದಕ್ಕೆ ಹೋಗುವ ರೂಢಿ ಇದೆ. ಹೋಲಿಸಿ ನೋಡುವುದಕ್ಕೇ ಕೂತಾಗ ಹಳೆಯದರಿಂದ ಶುರು ಮಾಡಿ. ಕಾರಣ ಒಗರು. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಅನ್ನುವ ಒಗರು ವಸ್ತು ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುತನವನ್ನೇ ಕಿತ್ತುಹಾಕುತ್ತದೆ, ಬಾಯಿ ಒಣಗಿದಂತಾಗುವುದು ಅದಕ್ಕೇ. ಇದು ಗುಟುಕಿನಿಂದ ಗುಟುಕಿಗೆ ಏರುತ್ತಾ ಹೋಗುತ್ತದೆ. 2019 ಮತ್ತು 2016ರ ಎಳೆ ಕ್ಯಾಬರ್ನೆ ಎರಡೆರಡು ಗುಟುಕು ಆದ ಮೇಲೆ ವಸಡು ಜಡ್ಡುಗಟ್ಟಿರುತ್ತದೆ. ಆಮೇಲೆ 1989 ಬಾಯಿಗೆ ಬಿದ್ದರೆ ನೀರು ಕುಡಿದಂತೆ ಅನ್ನಿಸಿ, 'ಸತ್ತೇ ಹೋಗಿದೆ' ಅಂತ ಎಂಟು ಜನವೂ ತೀರ್ಪು ಕೊಡುತ್ತೀರಿ.

ಆದರೆ ಇಸವಿಯ ಪ್ರಕಾರ ನೆಟ್ಟಗೆ ಸಾಲು ಹಿಡಿಯಬೇಡಿ. ನಿಮ್ಮ ಆರರಲ್ಲಿ 2013 ಬೇರೆಯೇ ಜಾತಿ. ಆ ವರ್ಷ ಬೋರ್ಡೋದಲ್ಲಿ ವಸಂತ ಚಳಿಯೂ ಮಳೆಯೂ ಆಗಿ ಹೂವು ಸರಿಯಾಗಿ ಕಾಯಿ ಕಟ್ಟಲಿಲ್ಲ, ಕೊಯ್ಲಿನ ಹೊತ್ತಿಗೆ ಕೊಳೆರೋಗದ ಹೆದರಿಕೆ, ಹಣ್ಣು ಪೂರ್ತಿ ಮಾಗದೆ ಇಳಿದ ತೋಟಗಳೇ ಹೆಚ್ಚು. ವೈನ್ ತೆಳು. ಈಗ ಗ್ಲಾಸಿನಲ್ಲಿ ಅದು 2005ಕ್ಕಿಂತ ಮುದಿಯಾಗಿ ಕಾಣಬಹುದು. 2005 ಮಾತ್ರ ಒಗರೂ ಹುಳಿಯೂ ಹಣ್ಣೂ ಗಟ್ಟಿಯಾಗಿರುವ ವರ್ಷ, ಇನ್ನೂ ಬಿಗಿಯಾಗಿಯೇ ಇದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ನನ್ನ ಸಾಲು: 1989, 1996, 2013, 2005, 2016, 2019. ಇಂಥ ಸಾಲಿನಲ್ಲಿ ವಯಸ್ಸು ಮತ್ತು ಆ ವರ್ಷದ ಹವೆ ಎರಡೂ ಒಂದರೊಳಗೊಂದು ಬೆರೆತು ಬರುತ್ತವೆ. ಕಂಡ ವ್ಯತ್ಯಾಸವನ್ನೆಲ್ಲ ವಯಸ್ಸಿನ ಖಾತೆಗೆ ಬರೆಯದಂತೆ ತಡೆಯುವುದು ಆ 2013 ಒಂದೇ. ಅದನ್ನು ಕೈಬಿಡಬೇಡಿ.

ಅಳತೆ: ಒಬ್ಬರಿಗೆ 50 ಮಿ.ಲೀ. ಎಂಟು ಜನಕ್ಕೆ 400, ಎರಡನೇ ಸುತ್ತಿಗೆ ಸಾಕಷ್ಟು ಉಳಿಯುತ್ತದೆ. ಹಳೇ ಎರಡು ಬಾಟಲಿಗಳಲ್ಲಿ ಗಸಿಗೆ 50ರಿಂದ 75 ಮಿ.ಲೀ. ಹೋಗುತ್ತದೆ ಅನ್ನುವುದು ಲೆಕ್ಕದಲ್ಲಿರಲಿ. ಮೊದಲ ಸುತ್ತನ್ನು ನುಂಗಿದರೇ ತಲೆಗೆ 300 ಮಿ.ಲೀ., ನಾಲ್ಕನೇ ಗ್ಲಾಸಿನ ಹೊತ್ತಿಗೆ ನಾಲಿಗೆ ನಂಬುವ ಹಾಗಿರುವುದಿಲ್ಲ. ಉಗುಳಲು ಪಾತ್ರೆ ಇಡಿ, ನಾಚಿಕೆ ಬೇಡ.

ಉಷ್ಣತೆ ಆರಕ್ಕೂ ಒಂದೇ ಇರಲಿ. 16 ಡಿಗ್ರಿಯಲ್ಲಿ ಸುರಿದರೆ ಗ್ಲಾಸಿನಲ್ಲಿ ಮೆಲ್ಲಗೆ 18ಕ್ಕೆ ಬರುತ್ತದೆ. 20 ದಾಟಿತೆಂದರೆ ಮದ್ಯದ ಘಾಟು ಮುಂದೆ ಬಂದು ಹಣ್ಣನ್ನು ಮುಚ್ಚುತ್ತದೆ. 14ಕ್ಕಿಂತ ಕೆಳಗೆ ಒಗರು ಇನ್ನೂ ಒರಟಾಗುತ್ತದೆ. ಒಂದು ತಣ್ಣಗೆ, ಇನ್ನೊಂದು ಬೆಚ್ಚಗೆ ಇದ್ದರೆ ನೀವು ಹೋಲಿಸುತ್ತಿರುವುದು ವಯಸ್ಸನ್ನಲ್ಲ.

ಮಡ್ಡಿಮಾವ:

ಒಗರಪ್ಪ ಹೇಳಿದ ಕ್ರಮಕ್ಕೆ ನನ್ನದು ಅರ್ಧ ಒಪ್ಪಿಗೆ. ಮೊದಲು ಬಾಟಲಿ ತೆಗೆಯುವ ಕೆಲಸ ಹೇಳಿಬಿಡ್ತೀನಿ, ಸಂಜೆ ಹಾಳಾಗೋದು ಸಾಮಾನ್ಯವಾಗಿ ಅಲ್ಲೇ.

1989, 1996, 2005 ಈ ಮೂರನ್ನೂ ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ. ಮಲಗಿಸಿಟ್ಟಾಗ ಗಸಿ ಬಾಟಲಿಯ ಒಂದು ಮೈಗೆ ಕೂತಿರುತ್ತದೆ, ಅದು ಜಾರಿ ತಳಕ್ಕೆ ಬರೋಕೆ ಕಡಿಮೆ ಅಂದ್ರೂ 24 ಗಂಟೆ, ನಯವಾದ ಗಸಿಗೆ 48 ಬೇಕು. ದೂರದಿಂದ ತಂದ ಬಾಟಲಿಯಾದರೆ ಒಂದೆರಡು ವಾರ ಮೊದಲೇ ತಂದು ಅಲುಗಾಡಿಸದೆ ಇಟ್ಟಿರಿ. ಗಸಿ ಕಲಕಿದ ವೈನ್ ಮಂಕಾಗಿ ಕಾಣೋದಷ್ಟೇ ಅಲ್ಲ, ಕಹಿ ಬರುತ್ತೆ, ನಾಲಿಗೆ ಮೇಲೆ ಹುಡಿಹುಡಿ ಸಿಗುತ್ತೆ. ಹಳೇ ವೈನ್ ಒರಟಾಗಿದೆ ಅನ್ನೋ ದೂರುಗಳಲ್ಲಿ ಬಹಳಷ್ಟು ಇದೇ.

1989ರ ಬಾಯಿಗೆ ಸುತ್ತಿರೋ ತಗಡು ಸೀಸದ್ದಿರಬಹುದು. 1990ರ ದಶಕದಲ್ಲಿ ಅದನ್ನು ನಿಷೇಧಿಸೋವರೆಗೂ ಸೀಸ ಬಳಕೆಯಲ್ಲಿತ್ತು. ಅಂಚಿನಲ್ಲಿ ಕತ್ತರಿಸಬೇಡಿ, ಪೂರ್ತಿ ಸುಲಿದು ತೆಗೆಯಿರಿ, ಬಾಟಲಿಯ ತುಟಿಯನ್ನೂ ಕಾರ್ಕಿನ ತಲೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಕಾರ್ಕಿನ ಮೇಲೆ ಕಪ್ಪು ಬೂಸ್ಟು ಇದ್ದರೆ ಗಾಬರಿ ಬೇಡ. ನೆಲಮಾಳಿಗೆ ತೇವವಾಗಿತ್ತು ಅಂತ ಅರ್ಥ, ಅಷ್ಟೆ.

ಮೂವತ್ತು ವರ್ಷದ ಕಾರ್ಕ್ ಒಳಗೆ ನೆನೆದು ಮೆತ್ತಗಾಗಿರುತ್ತದೆ. ಸಾಮಾನ್ಯ ತಿರುಪಿನ ಓಪನರ್ ಹಾಕಿದರೆ ನಡು ಮಾತ್ರ ಕಿತ್ತು ಬಂದು ಸುತ್ತಲಿನದು ಅಲ್ಲೇ ಉಳಿಯುತ್ತೆ. ಎರಡು ಅಲಗಿನ ಓಪನರ್ ಬಳಸಿ. ಉದ್ದನೆಯ ಅಲಗನ್ನು ಮೊದಲು ಗಾಜಿಗೂ ಕಾರ್ಕಿಗೂ ನಡುವೆ ತೂರಿಸಿ, ಆಮೇಲೆ ಗಿಡ್ಡದ್ದು. ಆಚೆ ಈಚೆ ತೊನೆಯುತ್ತಾ ಹಿಡಿಕೆಯವರೆಗೂ ಇಳಿಸಿ, ನೆಟ್ಟಗೆ ಎಳೆಯದೆ ತಿರುಗಿಸುತ್ತಾ ಮೇಲೆತ್ತಿ. ಇದರಲ್ಲಿ ಒಂದು ಅಪಾಯ ಇದೆ: ಕಾರ್ಕ್ ಸಡಿಲವಾಗಿದ್ದರೆ ಅಲಗು ಇಳಿಸುವಾಗಲೇ ಅದು ಒಳಗೆ ಬೀಳುತ್ತೆ. ಮೊದಲ ಒತ್ತಡಕ್ಕೇ ಕಾರ್ಕ್ ಜಗ್ಗಿತು ಅನ್ನಿಸಿದರೆ ತಕ್ಷಣ ನಿಲ್ಲಿಸಿ, ಉದ್ದ ಸುರುಳಿಯ ತಿರುಪನ್ನು ಓರೆಯಾಗಿ ಹಾಕಿ ಎತ್ತಿ. ಚೂರಾಗಿ ಒಳಗೆ ಬಿತ್ತೋ, ನಯವಾದ ಸ್ಟೀಲ್ ಜಾಲರಿಯಲ್ಲಿ ಸೋಸಿದರಾಯ್ತು. ಕಾಗದದ ಫಿಲ್ಟರ್ ಬೇಡ, ಅದರ ರುಚಿ ಇಳಿಯುತ್ತೆ.

ಇನ್ನು ಬಸಿಯೋದು. ಬಾಟಲಿಯ ಕುತ್ತಿಗೆ ಕೆಳಗೆ ಮೊಬೈಲಿನ ಟಾರ್ಚ್ ಅಥವಾ ಮೇಣದಬತ್ತಿ, ಒಂದೇ ಓಟದಲ್ಲಿ, ಸಣ್ಣ ಧಾರೆ. ನಡುವೆ ನಿಲ್ಲಿಸಿ ಬಾಟಲಿ ನೆಟ್ಟಗೆ ಮಾಡಿದ್ರಿ ಅಂದ್ರೆ ಎರಡು ದಿನದ ಕೆಲಸ ನೀರಲ್ಲಿ ಹೋಮ. ಮೊದಲು ತಿಳಿ ಬರುತ್ತೆ, ಕೊನೆಗೆ ಹೊಗೆಯ ಎಳೆಯಂಥ ಒಂದು ಕಪ್ಪು ಗೆರೆ ಹೆಗಲಿನ ಕಡೆ ಹರಿದು ಬರೋದು ಬೆಳಕಲ್ಲಿ ಕಾಣುತ್ತೆ. ಅದು ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿ. ತಳದಲ್ಲಿ ಹರಳು ಹೊಳೆದರೆ ಗಾಜಿನ ಚೂರಲ್ಲ, ಟಾರ್ಟಾರಿಕ್ ಆಮ್ಲದ ಲವಣ, ನಿರಪಾಯಕಾರಿ.

ಹೊತ್ತು: 2019, 2016 ಎರಡು ಮೂರು ಗಂಟೆ ಮೊದಲು ಅಗಲ ತಳದ ಡಿಕ್ಯಾಂಟರಿಗೆ. 2005 ಒಂದೂವರೆ ಗಂಟೆ. 2013 ಅರ್ಧ ಗಂಟೆ ಸಾಕು, ತೆಳ್ಳಗಿರೋದಕ್ಕೆ ಗಾಳಿ ಜಾಸ್ತಿ ಕೊಟ್ಟರೆ ಉಳಿದ ಹಣ್ಣೂ ಹೋಗುತ್ತೆ. 1996 ಅರ್ಧ ಗಂಟೆ. 1989 ಸುರಿಯೋ ಹೊತ್ತಿಗೇ ಬಸಿಯಿರಿ, ಕಿರಿದಾದ ಜಗ್ ಆದರೂ ನಡೆಯುತ್ತೆ. ಅಲ್ಲಿ ಬಸಿಯೋದು ಗಸಿ ಬೇರೆ ಮಾಡೋದಕ್ಕೇ ಹೊರತು ಗಾಳಿ ಕೊಡೋದಕ್ಕಲ್ಲ.

ಈಗ ಕ್ರಮ. ಮುದಿ ವೈನ್ ತೆಗೆದ ಕೂಡಲೇ ಮುಚ್ಚಿಟ್ಟ ಬೀರುವಿನ ಥರ ಒಂದು ವಾಸನೆ ಇರುತ್ತೆ, ಹೋಗೋಕೆ ಹತ್ತು ಹದಿನೈದು ನಿಮಿಷ ಬೇಕು. ಅದನ್ನೇ ಮೊದಲ ಗ್ಲಾಸು ಮಾಡಿದರೆ ಅದಕ್ಕೆ ಅನ್ಯಾಯ. ಜೊತೆಗೆ ಆ ಶಾತೋದ ವೈನ್ ಎಳೆಯದಿದ್ದಾಗ ಹೇಗಿರುತ್ತೆ ಅನ್ನೋದೇ ಗೊತ್ತಿಲ್ಲದೆ 1989ರಲ್ಲಿ ಏನು ಬದಲಾಗಿದೆ ಅಂತ ಯಾವುದರ ಮೇಲೆ ಹೇಳ್ತೀರಿ? ಅದಕ್ಕೆ ಆರೂ ಗ್ಲಾಸು ಒಟ್ಟಿಗೇ ಸುರಿದಿಡಿ. ಮೊದಲ ಸುತ್ತು ಕಣ್ಣು ಮೂಗಿಗೆ ಮಾತ್ರ, ಹೊಸದರಿಂದ ಹಳೆಯದಕ್ಕೆ. ಬಾಯಿಗೆ ಹಾಕೋ ಸುತ್ತು ಒಗರಪ್ಪನವರ ಸಾಲಿನಲ್ಲೇ ಆಗಲಿ. ಮೂಸಿದ ಮಾತ್ರಕ್ಕೆ ವಸಡು ದಣಿಯೋದಿಲ್ಲವಲ್ಲ.

ಒಗರಪ್ಪ:

ಎರಡು ಸುತ್ತಿನ ಮಾತು ಸರಿ, ನನ್ನ ಸಾಲಿಗಿಂತ ಅದೇ ಮೇಲು. ಒಂದೇ ತೊಡಕು: 48 ಗ್ಲಾಸ್ ಬೇಕು, ಎಲ್ಲವೂ ಒಂದೇ ಆಕಾರದವು. ರುಚಿ ನೋಡಲೆಂದೇ ಇರುವ, ಅಂತರರಾಷ್ಟ್ರೀಯ ಮಾನಕದ (ಐಎಸ್ಓ) ಗ್ಲಾಸ್ ಸುಮಾರು 215 ಮಿ.ಲೀ. ಹಿಡಿಯುತ್ತದೆ, 50 ಮಿ.ಲೀ. ಸುರಿದು ತಿರುಗಿಸಲು ಅನುಕೂಲ. ಅಷ್ಟು ಸಿಗದಿದ್ದರೆ ತಲೆಗೆ ಮೂರು ಗ್ಲಾಸಿಟ್ಟು ಎರಡು ಪಾಳಿ ಮಾಡಿ: 1989, 2013, 2019 ಒಂದು ಪಾಳಿ, 1996, 2005, 2016 ಇನ್ನೊಂದು. ಪ್ರತಿ ಪಾಳಿಯಲ್ಲೂ ಹಳೆಯದೊಂದು ಹೊಸದೊಂದು ಇರಲಿ. ಸುರಿಯುವ ಮುಂಚೆ ಖಾಲಿ ಗ್ಲಾಸ್ ಮೂಸಿ ನೋಡಿ. ಬೀರುವಿನ ವಾಸನೆ, ಸೋಪಿನ ವಾಸನೆ ಇದ್ದರೆ ಬಿಸಿನೀರಿನಲ್ಲಿ ತೊಳೆದು ಒಂದು ಚಮಚ ವೈನಿನಿಂದ ಗಲಬರಿಸಿ ಚೆಲ್ಲಿ.

ಮೂಗಿನನೇರಕ್ಕೆ:

ವಾಸನೆಯ ಪ್ರಶ್ನೆ ಯಾರೂ ಮುಟ್ಟಿಲ್ಲ. ಅದಕ್ಕೂ ಮೊದಲು ಬಣ್ಣ ಎರಡು ಮಾತಿನಲ್ಲಿ.

ಬಿಳಿ ಕಾಗದದ ಮೇಲೆ ಗ್ಲಾಸನ್ನು 45 ಡಿಗ್ರಿ ವಾಲಿಸಿ, ಅಂಚನ್ನು ನೋಡಿ. ಹಳದಿ ಬಲ್ಬಿನ ಕೆಳಗೆ ಎಲ್ಲ ವೈನೂ ಮುದಿಯಾಗಿ ಕಾಣುತ್ತದೆ, ಬಿಳಿ ಬೆಳಕೇ ಬೇಕು. 2019ರ ಅಂಚಿನಲ್ಲಿ ಇನ್ನೂ ನೇರಳೆ ಛಾಯೆ, 2005ರಲ್ಲಿ ಮಾಣಿಕ್ಯದಿಂದ ಇಟ್ಟಿಗೆ ಬಣ್ಣದತ್ತ, 1989ರಲ್ಲಿ ಅಗಲವಾದ ಕಿತ್ತಳೆ ಅಂಚು ನಿರೀಕ್ಷಿಸಿ. ದ್ರಾಕ್ಷಿ ಸಿಪ್ಪೆಯಿಂದ ಬಂದ ಆಂಥೋಸಯನಿನ್ ಅನ್ನುವ ಬಣ್ಣ ಮೊದಲ ಕೆಲವು ವರ್ಷಗಳಲ್ಲೇ ಟ್ಯಾನಿನ್ ಜೊತೆ ಸೇರಿ ಬೇರೆ ವರ್ಣದ್ರವ್ಯವಾಗುತ್ತದೆ. ಈ ಜೋಡಿಗಳಲ್ಲಿ ತೀರ ದೊಡ್ಡವಾದವು ಗಸಿಯಾಗಿ ಇಳಿಯುತ್ತವೆ. ಬಣ್ಣ ತಿಳಿಯಾಗುವುದೂ ಒಗರು ಮೆತ್ತಗಾಗುವುದೂ ಜೊತೆಜೊತೆಗೆ ನಡೆಯುವುದು ಅದಕ್ಕೇ. ಹಾಗಂತ ಗಸಿಯೊಂದೇ ಕಾರಣವಲ್ಲ. ವೈನಿನ ಹುಳಿಯಲ್ಲಿ ಟ್ಯಾನಿನ್ ಸರಪಣಿಗಳು ತುಂಡಾಗಿ ಬೇರೆ ರೀತಿಯಲ್ಲಿ ಮತ್ತೆ ಕೂಡಿಕೊಳ್ಳುತ್ತಲೂ ಇರುತ್ತವೆ.

ಈ ಬಣ್ಣದ ಗಡಿಯಾರ ಒಂದೇ ತಳಿಯೊಳಗೆ ಮಾತ್ರ ನಡೆಯುತ್ತದೆ. ನೆಬ್ಬಿಯೋಲೋ ದ್ರಾಕ್ಷಿಯಿಂದ ಮಾಡುವ ಇಟಲಿಯ ಬರೋಲೋ ವೈನ್ ಐದಾರು ವರ್ಷಕ್ಕೇ ಕಿತ್ತಳೆ ಅಂಚು ತೋರಿಸಿ, ಬಾಯಲ್ಲಿ ಹಲ್ಲು ಹಿಡಿಯುವಷ್ಟು ಒಗರಿರುತ್ತದೆ. ಬಣ್ಣ ನೋಡಿ ಇಳಿವಯಸ್ಸು ಅಂದುಕೊಂಡರೆ ಪೂರ್ತಿ ದಾರಿ ತಪ್ಪಿದಿರಿ.

ಈಗ ವಾಸನೆ. ಎಳೆಯ ಕ್ಯಾಬರ್ನೆಯಲ್ಲಿ ಕಪ್ಪು ಹಣ್ಣು, ಹೊಸ ಓಕ್ ಪೀಪಾಯಿಯಿಂದ ಬಂದ ವೆನಿಲಾ, ಲವಂಗ. ಇಪ್ಪತ್ತು ದಾಟಿದ ಮೇಲೆ ಹಸಿ ಹಣ್ಣು ಒಣಹಣ್ಣಾಗಿ, ಜೊತೆಗೆ ಹೊಗೆಸೊಪ್ಪು, ಚರ್ಮ, ದೇವದಾರು ಮರ, ತರಗೆಲೆ, ಅಣಬೆ. ಇವು ವಯಸ್ಸಿನವು. ಇವುಗಳ ಗುರುತು ಏನೆಂದರೆ ಕೆಳಗೆ ಎಲ್ಲೋ ಹಣ್ಣು ಇನ್ನೂ ಸಿಗುತ್ತದೆ, ಮತ್ತು ಮೂಸಿದಷ್ಟೂ ಹೊಸದೊಂದು ಕಾಣುತ್ತದೆ.

ದೋಷವನ್ನು ಬೇರೆ ಮಾಡಲು ನಿಮ್ಮ ಕೈಯಲ್ಲಿರುವ ಒಳ್ಳೆಯ ಸಾಧನ ಗಡಿಯಾರ. ತೆಗೆದ ಕೂಡಲೇ ಒಮ್ಮೆ, 5 ನಿಮಿಷಕ್ಕೆ ಒಮ್ಮೆ, 20 ನಿಮಿಷಕ್ಕೆ ಒಮ್ಮೆ ಮೂಸಿ ಬರೆದಿಡಿ. ಮಡ್ಡಿಮಾವ ಹೇಳಿದ ಬೀರು ವಾಸನೆ, ಕೊಳೆತ ಮೊಟ್ಟೆ ಅಥವಾ ಕಡ್ಡಿ ಗೀರಿದ ವಾಸನೆ ಗಾಳಿಗೆ ಇಳಿಯುತ್ತಾ ಹೋಗುತ್ತದೆ. ಮೊಟ್ಟೆಯ ವಾಸನೆ ಹಟ ಹಿಡಿದರೆ ಗ್ಲಾಸಿನಲ್ಲಿ ಚೊಕ್ಕ ತಾಮ್ರದ ತುಂಡೊಂದನ್ನು ತಿರುಗಿಸಿ ತೆಗೆಯಿರಿ. ವಾಸನೆ ಹೋದರೆ ಅದು ಹೈಡ್ರೋಜನ್ ಸಲ್ಫೈಡ್ ಥರದ ಗಂಧಕದ ಸಂಯುಕ್ತ, ಪರೀಕ್ಷೆ ಮುಗಿಯಿತು, ಆ ಗ್ಲಾಸನ್ನು ಚೆಲ್ಲಿ. ಕಾರ್ಕಿನ ದೋಷ ಇದಕ್ಕೆ ತದ್ವಿರುದ್ಧ. ಒದ್ದೆ ರಟ್ಟು, ಮುಗ್ಗಲು ಹಿಡಿದ ಬಟ್ಟೆಯಂಥ ಆ ವಾಸನೆ ಗ್ಲಾಸಿನಲ್ಲಿ ಹೊತ್ತು ಹೋದಂತೆ ಬಲಿಯುತ್ತದೆ. ಕಾರಣ ಟಿಸಿಎ ಅನ್ನುವ ಸಂಯುಕ್ತ, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ಅದಕ್ಕಿಂತಲೂ ಕಡಿಮೆ ಇದ್ದಾಗ ಕಿರಿಕಿರಿ ಜಾಸ್ತಿ, ವಾಸನೆಯೇ ಗೊತ್ತಾಗದೆ ಹಣ್ಣು ಮಾತ್ರ ಸುಮ್ಮನೆ ಮಾಯವಾಗಿರುತ್ತದೆ. ಆಗ ಅದೇ ವೈನಿನ ಎರಡನೇ ಬಾಟಲಿಯೊಂದೇ ಸಾಕ್ಷಿ. ಕಾರ್ಕನ್ನು ಮೂಸಿ ತೀರ್ಮಾನಿಸುವ ಅಭ್ಯಾಸ ಕೆಲವರಿಗಿದೆ. ಮುಗ್ಗಲು ನಾರುವ ಕಾರ್ಕಿನ ಕೆಳಗೆ ಚೊಕ್ಕ ವೈನ್ ಇರುತ್ತದೆ, ಚೊಕ್ಕ ಕಾರ್ಕಿನ ಕೆಳಗೆ ಕೆಟ್ಟದ್ದೂ ಇರುತ್ತದೆ. ಗ್ಲಾಸನ್ನೇ ಮೂಸಿ.

ಕುದುರೆ ಲಾಯ, ಗಾಯಕ್ಕೆ ಹಚ್ಚುವ ಪಟ್ಟಿಯ ವಾಸನೆ ಬಂದರೆ ಬ್ರೆಟಾನೊಮೈಸಿಸ್ ಅನ್ನುವ ಯೀಸ್ಟ್. ಗಾಳಿಗೆ ಹೋಗುವುದೂ ಇಲ್ಲ, ಏರುವುದೂ ಇಲ್ಲ. ಚೂರು ಇದ್ದರೆ ಇಷ್ಟಪಡುವವರಿದ್ದಾರೆ, ನನಗೆ ಅದು ಎಲ್ಲ ಊರಿನ ವೈನನ್ನೂ ಒಂದೇ ಮಾಡಿಬಿಡುವ ವಾಸನೆ. ನೇಲ್ ಪಾಲಿಶ್ ತೆಗೆಯುವ ದ್ರವದ ಘಾಟು ಈಥೈಲ್ ಅಸಿಟೇಟಿನದು. ಹಳೇ ವೈನಿನಲ್ಲಿ ಎಳೆಯಷ್ಟು ಇದ್ದರೆ ಮನ್ನಿಸಬಹುದು, ಗಂಟಲು ಚುರುಗುಟ್ಟಿದರೆ ಇಲ್ಲ. ಗಾಳಿ ಹೊಕ್ಕು ಹಾಳಾದದ್ದನ್ನು ಕಣ್ಣೇ ಹೇಳುತ್ತದೆ: ಅಂಚು ಮಾತ್ರವಲ್ಲ, ನಡುಭಾಗವೂ ಕಂದು. ಮೂಗಿಗೆ ಜಜ್ಜಿದ ಸೇಬು, ಬಾಯಲ್ಲಿ ಹುಳಿ ಬಿಟ್ಟು ಏನೂ ಇಲ್ಲ. ನಡುವೆ ಕೆಂಪು ಉಳಿದಿದ್ದರೆ 1989ರ ಮೇಲೆ ಆಸೆ ಇಟ್ಟುಕೊಳ್ಳಿ.

ಅರ್ಧಗ್ಲಾಸ್:

ಎಲ್ಲರಿಗೂ ಧನ್ಯವಾದ. ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸುವ ಕೆಲಸ ಇವತ್ತೇ. ಒಂದು ಉಳಿಯಿತು. 2019 ಮತ್ತು 2016 ಎರಡೂ ಈಗ ಒಗರೇ ಒಗರು ಅಂತ ಗೊತ್ತು. ಇದು ಮುಂದೆ ಪಳಗುವ ಒಗರು, ಇದು ಯಾವತ್ತೂ ಸರಿಹೋಗದ ಒಗರು ಅಂತ ಈಗಲೇ ಹೇಳಬಹುದೇ?

ಒಗರಪ್ಪ:

ಬಹುಮಟ್ಟಿಗೆ ಹೇಳಬಹುದು. ಒಗರಿನ ಪ್ರಮಾಣ ನೋಡಬೇಡಿ, ಅದರ ಮೈ ನೋಡಿ. ಗುಟುಕನ್ನು ಹತ್ತು ಸೆಕೆಂಡ್ ಬಾಯಲ್ಲಿ ಆಡಿಸಿ ಉಗುಳಿ, ನಾಲಿಗೆಯನ್ನು ಮೇಲಿನ ವಸಡಿನ ಮೇಲೆ ಎಳೆಯಿರಿ. ಮಾಗಿದ ಹಣ್ಣಿನ ಟ್ಯಾನಿನ್ ಎಷ್ಟೇ ಇದ್ದರೂ ಬಾಯಿ ತುಂಬ ಸಮನಾಗಿ, ನಯವಾದ ಹುಡಿಯಂತೆ ಹರಡುತ್ತದೆ, ಒಂದು ನಿಮಿಷದೊಳಗೆ ಎಂಜಲು ಮತ್ತೆ ಊರುತ್ತದೆ. ಮಾಗದ ಹಣ್ಣಿನದು, ಬೀಜದಿಂದ ಅತಿಯಾಗಿ ಇಳಿಸಿದ್ದು, ಒಂದೇ ಕಡೆ ಚುಚ್ಚುತ್ತದೆ, ಕೊನೆಗೆ ಕಹಿ ಉಳಿಸುತ್ತದೆ. ಆಮೇಲೆ ಒಗರು ನಿಂತ ನಂತರ ಏನು ಉಳಿಯಿತು ನೋಡಿ. ಉಗುಳಿದ ಮೇಲೆ ಎಣಿಸಿ: ಹತ್ತು ಹದಿನೈದು ಸೆಕೆಂಡ್ ಹಣ್ಣಿನ ರುಚಿ ಒಗರನ್ನು ಮೀರಿ ಉಳಿದರೆ ಅದಕ್ಕೆ ಕಾಯುವ ಶಕ್ತಿ ಇದೆ. ಮೊದಲು ಹಣ್ಣು ಹೋಗಿ ಒಗರೊಂದೇ ನಿಂತರೆ ಇಪ್ಪತ್ತು ವರ್ಷ ಕಾದರೂ ಅಷ್ಟೆ. ಹಣ್ಣು ಒಗರಿಗಿಂತ ಮೊದಲು ಸೋಲುತ್ತದೆ.

ಹುಳಿಯನ್ನೂ ಗಮನಿಸಿ, ಇದನ್ನು ಮರೆಯುವವರೇ ಹೆಚ್ಚು. ವಯಸ್ಸಾದಂತೆ ಒಗರು, ಹಣ್ಣು ಎರಡೂ ಇಳಿಯುತ್ತವೆ, ಹುಳಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಈಗಲೇ ಹುಳಿ ಎದ್ದು ನಿಂತಿರುವ ತೆಳು ವೈನಿನಲ್ಲಿ ಮುಂದೆ ಅದೊಂದೇ ಕಾಣುತ್ತದೆ. 2013ರಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಸಿಕ್ಕರೆ ಅದೂ ಹಾಗೆಯೇ. ಮಾಗದ ಕ್ಯಾಬರ್ನೆಯಲ್ಲಿರುವ ಪೈರಾಜಿನ್ ಅನ್ನುವ ಸಂಯುಕ್ತದ ವಾಸನೆ ಅದು, ಬಾಟಲಿಯಲ್ಲಿ ಎಷ್ಟು ವರ್ಷ ಇಟ್ಟರೂ ಸುಲಭಕ್ಕೆ ಕರಗುವುದಿಲ್ಲ.

ಗುಂಪಿನಲ್ಲಿ ಒಗರು ಗೊತ್ತು ಹಿಡಿಯದವರಿದ್ದರೆ ಹಿಂದಿನ ದಿನ ಹಾಲು ಸಕ್ಕರೆ ಇಲ್ಲದ ಚಹಾ ಮಾಡಿ, 2, 5 ಮತ್ತು 10 ನಿಮಿಷ ನೆನೆಸಿದ ಮೂರು ಲೋಟ ಕೊಡಿ. ತಣ್ಣಗಾದ ಮೇಲೆ ಕುಡಿಯಬೇಕು. ಕಹಿ ಎಲ್ಲಿ, ಒಗರು ಎಲ್ಲಿ ಅಂತ ಅಲ್ಲೇ ಬೇರೆಯಾಗುತ್ತದೆ. ವೈನಿನ ನಡುವೆ ಮಾತ್ರ ಬರೀ ನೀರು, ಬರೀ ಬ್ರೆಡ್. ಚೀಸ್ ಬೇಡ, ಅದರ ಕೊಬ್ಬು, ಪ್ರೋಟೀನು ಒಗರನ್ನು ಮರೆಮಾಡಿ ಎಲ್ಲ ವೈನನ್ನೂ ಒಳ್ಳೆಯದು ಅನ್ನಿಸುತ್ತದೆ. ಗ್ಲಾಸಿಂದ ಗ್ಲಾಸಿಗೆ ಎರಡು ನಿಮಿಷ ಬಿಡಿ.

ಸುಮ್ನೆಓದುಗ:

ಮೂವತ್ತು ವರ್ಷದ ಬಾಟಲಿ ಎಲ್ಲರ ಕೈಗೂ ಸಿಗೋದಿಲ್ಲ. ಇದೇ ಪಾಠವನ್ನು ಕಡಿಮೆ ಖರ್ಚಲ್ಲಿ ಮಾಡೋಕೆ ಆಗುತ್ತಾ?

ಮಡ್ಡಿಮಾವ:

ಸ್ಪೇನಿನ ರಿಯೋಹಾ ಪ್ರದೇಶದ ರೆಡ್ ವೈನ್ ನೋಡಿ. ಅಲ್ಲಿ ವಯಸ್ಸು ಮಾಡಿಸಿಯೇ ಮಾರುಕಟ್ಟೆಗೆ ಬಿಡ್ತಾರೆ, ನಿಯಮವೇ ಇದೆ, ವಯಸ್ಸಿನ ಪ್ರಕಾರ ಮೂರು ದರ್ಜೆ. ಕ್ರಿಯಾಂಥಾ ಕನಿಷ್ಠ 2 ವರ್ಷ, ಅದರಲ್ಲಿ 1 ವರ್ಷ ಓಕ್ ಪೀಪಾಯಿ. ರೆಸೆರ್ವಾ 3 ವರ್ಷ, ಅದರಲ್ಲೂ 1 ವರ್ಷ ಪೀಪಾಯಿ. ಗ್ರಾನ್ ರೆಸೆರ್ವಾ 5 ವರ್ಷ, 2 ಪೀಪಾಯಿಯಲ್ಲಿ. ಒಂದೇ ತಯಾರಕರ ಮೂರನ್ನೂ ತಂದು ಪಕ್ಕಪಕ್ಕ ಇಡಿ. ಆದರೆ ಇದನ್ನು ಶುದ್ಧ ವಯಸ್ಸಿನ ಪಾಠ ಅಂದುಕೊಳ್ಳಬೇಡಿ. ಗ್ರಾನ್ ರೆಸೆರ್ವಾಕ್ಕೆ ಸಾಮಾನ್ಯವಾಗಿ ಒಳ್ಳೇ ವರ್ಷದ ಒಳ್ಳೇ ದ್ರಾಕ್ಷಿ ಆರಿಸ್ತಾರೆ, ಪೀಪಾಯಿಯ ವೆನಿಲಾನೂ ಜಾಸ್ತಿ. ಬಣ್ಣದ ಅಂಚು, ಒಗರಿನ ಮೈ ಇವೆರಡರ ಮೇಲೆ ಕಣ್ಣಿಡಿ, ಮಿಕ್ಕಿದ್ದು ಬದಿಗಿರಲಿ.

ಎಲ್ಲ ರೆಡ್ ವೈನೂ ಕಾಯೋದಕ್ಕೇ ಹುಟ್ಟಿದ್ದಲ್ಲ ಅನ್ನೋದೂ ಇರಲಿ. ನವೆಂಬರಿನ ಮೂರನೇ ಗುರುವಾರ ಬಿಡುಗಡೆಯಾಗೋ ಫ್ರಾನ್ಸಿನ ಬೋಜೊಲೇ ನೂವೋ ಕೆಲವೇ ತಿಂಗಳಲ್ಲಿ ಕುಡಿದು ಮುಗಿಸೋ ವೈನ್. ಅದನ್ನು ಹತ್ತು ವರ್ಷ ಇಟ್ಟರೆ ಸಿಗೋದು ಹತ್ತು ವರ್ಷ ಹಳೆಯ ನಿರಾಸೆ.

ಅರ್ಧಗ್ಲಾಸ್:

ಕೊನೆಯದು, ಮಿಕ್ಕ ವೈನ್ ಏನು ಮಾಡಲಿ?

ಮೂಗಿನನೇರಕ್ಕೆ:

1989, 1996 ಅವತ್ತೇ ಮುಗಿಸಿ, ಮರುದಿನಕ್ಕೆ ಅವುಗಳಲ್ಲಿ ಏನೂ ಇರುವುದಿಲ್ಲ. 2019, 2016ರಲ್ಲಿ ಮಿಕ್ಕದ್ದನ್ನು ಹಾಗೇ ದೊಡ್ಡ ಬಾಟಲಿಯಲ್ಲಿ ಬಿಡಬೇಡಿ. 187 ಅಥವಾ 375 ಮಿ.ಲೀ.ನ ತೊಳೆದ ಚಿಕ್ಕ ಬಾಟಲಿ, ಯಾವುದು ತುಂಬುತ್ತದೋ ಅದಕ್ಕೆ ಕಂಠಪೂರ್ತಿ ಸುರಿದು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನ ನಿಲ್ಲುತ್ತವೆ. ಮರುದಿನ ತೆಗೆದು 16 ಡಿಗ್ರಿಗೆ ಬಂದ ಮೇಲೆ ಹಿಂದಿನ ದಿನದ ಟಿಪ್ಪಣಿ ಪಕ್ಕದಲ್ಲಿಟ್ಟುಕೊಂಡು ಮತ್ತೆ ನೋಡಿ. ಒಗರು ತಗ್ಗಿ ಹಣ್ಣು ಮುಂದೆ ಬಂದಿದ್ದರೆ ಆ ವೈನಿಗೆ ಇನ್ನೂ ಕಸುವಿದೆ, ಹಣ್ಣೇ ಮಂಕಾಗಿದ್ದರೆ ಉಳಿದ ಬಾಟಲಿಗಳನ್ನು ಬೇಗ ಕುಡಿಯುವುದು ಒಳ್ಳೆಯದು. ಒಂದು ದಿನದ ಗಾಳಿಯೂ ಹತ್ತು ವರ್ಷದ ಬಾಟಲಿವಾಸವೂ ಒಂದೇ ಅಲ್ಲ, ಹಾಗಾಗಿ ಇದರಿಂದ ವರ್ಷಗಳ ಲೆಕ್ಕ ಹಾಕಬೇಡಿ. ಎರಡರಲ್ಲಿ ಯಾವುದನ್ನು ಮೊದಲು ಖಾಲಿ ಮಾಡಬೇಕು ಅನ್ನುವುದಕ್ಕೆ ಸಾಕು.